ಅಗ್ಗದ ಸ್ಮಾರ್ಟ್‌ವಾಚ್ ಮತ್ತು ಫೋನ್: ನಮ್ಮ ಕಾಸರಗೋಡು ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವುದು ಸಾವಿರ, ಒಂದೂವರೆ ಸಾವಿರ, ಹೆಚ್ಚೆಂದರೆ ಎರಡೂವರೆ ಸಾವಿರ ರೂಪಾಯಿಯ ವಾಚುಗಳ ಮಾತು. ಹಬ್ಬದ ಆಫರಿನಲ್ಲಿ ಆನ್‌ಲೈನ್ ತರಿಸಿದ್ದು, ಗಲ್ಫಿನಿಂದ ಬಂದ ಅಣ್ಣ ಪೆಟ್ಟಿಗೆಯಿಂದ ತೆಗೆದುಕೊಟ್ಟದ್ದು, ಮಗಳು ಮೊದಲ ಸಂಬಳದಲ್ಲಿ ಅಪ್ಪನಿಗೆ ಕೊಡಿಸಿದ್ದು. ಬದಿಯಡ್ಕದ ನಮ್ಮ ಮೊಬೈಲ್ ಅಂಗಡಿಗೆ "ಇದು ಹಾಳಾಗಿದೆ, ಒಮ್ಮೆ ನೋಡಿ" ಎಂದು ಬರುವ ವಾಚುಗಳಲ್ಲಿ ಹೆಚ್ಚಿನವು ಹಾಳಾಗಿರುವುದಿಲ್ಲ. ಸರಿ ಮಾಡಬೇಕಾದದ್ದು ಫೋನಿನ ಸೆಟ್ಟಿಂಗ್ಸ್‌ನಲ್ಲಿ ಇರುತ್ತದೆ. ಹಾಗಾಗಿ ಕೆಳಗಿನ ಉತ್ತರಗಳಲ್ಲಿ ವಾಚಿಗಿಂತ ಫೋನಿನ ವಿಷಯವೇ ಜಾಸ್ತಿ.

ಫೋನ್ ಮನೆಯಲ್ಲಿಟ್ಟು ವಾಚ್ ಮಾತ್ರ ಕಟ್ಟಿಕೊಂಡು ಹೋದರೆ ಕರೆ ಬರ್ತದಾ?

ಬರುವುದಿಲ್ಲ. ಸಿಮ್ ಹಾಕುವ ವಾಚ್ ಬೇರೆಯೇ, ಅದರ ದರವೂ ಬೇರೆ. ಈ ದರದ ವಾಚಿಗೆ ಸಾಮಾನ್ಯವಾಗಿ ಸಿಮ್ ಇಲ್ಲ, ಸ್ವಂತ ಇಂಟರ್ನೆಟ್ ಇಲ್ಲ, ಹೆಚ್ಚಿನವಕ್ಕೆ ಜಿಪಿಎಸ್ಸೂ ಇಲ್ಲ. ಫೋನ್ ಬ್ಲೂಟೂತ್ ಮೂಲಕ ಹೇಳಿದ್ದನ್ನು ತೋರಿಸುತ್ತದೆ. ಬಯಲಿನಲ್ಲಾದರೆ ಸುಮಾರು ಹತ್ತು ಮೀಟರ್ ದೂರಕ್ಕೆ ಹಿಡಿಯುತ್ತದೆ. ಮುರಕಲ್ಲಿನ ಮನೆಯಲ್ಲಿ ನಡುವೆ ಎರಡು ಗೋಡೆ ಬಂದರೆ ಅಷ್ಟೂ ಇಲ್ಲ. ಚಾವಡಿಯಲ್ಲಿ ಚಾರ್ಜಿಗಿಟ್ಟ ಫೋನಿನ ಕರೆ ಹಟ್ಟಿಯಲ್ಲಿ ಹಾಲು ಕರೆಯುತ್ತಿರುವವರ ಕೈಗೆ ಬರಲಿಲ್ಲವೆಂದು ವಾಚನ್ನು ಬಯ್ಯುವುದರಲ್ಲಿ ಅರ್ಥವಿಲ್ಲ.

ಫೋನ್ ಹತ್ತಿರ ಇಲ್ಲದಾಗಲೂ ಗಂಟೆ, ಅಲಾರಂ, ಟೈಮರ್, ಹೆಜ್ಜೆಯ ಲೆಕ್ಕ, ನಾಡಿಬಡಿತ ಇವೆಲ್ಲ ನಡೆಯುತ್ತಲೇ ಇರುತ್ತವೆ. ಫೋನ್ ಮತ್ತೆ ಸಿಕ್ಕಿದಾಗ ಆ ಲೆಕ್ಕ ಆ್ಯಪ್‌ಗೆ ಸೇರಿಕೊಳ್ಳುತ್ತದೆ.

ಇದಕ್ಕೆ ಯಾವ ಆ್ಯಪ್ ಹಾಕುವುದು? ಅಣ್ಣನ ಫೋನಿನಲ್ಲಿರುವ ಆ್ಯಪೇ ಆಗ್ತದಾ?

ಅಣ್ಣನದ್ದೂ ನಿಮ್ಮದೂ ಒಂದೇ ಮಾದರಿಯಾದರೆ ಆಗುತ್ತದೆ, ಇಲ್ಲದಿದ್ದರೆ ಇಲ್ಲ. ನಾಯ್ಸ್ ಕಂಪೆನಿಯ ವಾಚಿಗೆ ನಾಯ್ಸ್‌ಫಿಟ್, ಶಿಯೋಮಿಯ ಹೊಸ ಮಾದರಿಗಳಿಗೆ ಮಿ ಫಿಟ್‌ನೆಸ್, ಹೆಸರೇ ಕೇಳಿರದ ಕಂಪೆನಿಗಳ ಅನೇಕ ವಾಚುಗಳಿಗೆ ಡಾ ಫಿಟ್, ಫಿಟ್‌ಪ್ರೊ ಇಂಥವು. ಊಹಿಸುತ್ತಾ ಕೂರಬೇಡಿ. ವಾಚಿನ ಸೆಟ್ಟಿಂಗ್ಸ್‌ನಲ್ಲಿ ಅಥವಾ ಮೊದಲ ಸಲ ಆನ್ ಮಾಡಿದಾಗಲೇ ಒಂದು ಕ್ಯೂಆರ್ ಕೋಡ್ ಕಾಣುತ್ತದೆ, ಫೋನಿನಲ್ಲಿ ಅದನ್ನು ಸ್ಕ್ಯಾನ್ ಮಾಡಿದರೆ ಆ್ಯಪಿನ ಹೆಸರು ಸಿಗುತ್ತದೆ. ಪೆಟ್ಟಿಗೆಯಲ್ಲಿರುವ ಚೀಟಿಯಲ್ಲೂ ಅದೇ ಇರುತ್ತದೆ.

ಒಂದು ಎಚ್ಚರಿಕೆ. ಸ್ಕ್ಯಾನ್ ಮಾಡಿದಾಗ ಪ್ಲೇ ಸ್ಟೋರಿಗೆ ಹೋಗದೆ ಯಾವುದೋ ಸೈಟಿನಿಂದ ಫೈಲ್ ಇಳಿಯಲು ಶುರುವಾದರೆ ಅಲ್ಲಿಗೆ ನಿಲ್ಲಿಸಿ, ಅದೇ ಹೆಸರನ್ನು ಪ್ಲೇ ಸ್ಟೋರಿನಲ್ಲಿ ಹುಡುಕಿ ಹಾಕಿ. ಹಾಗೆ ಹೊರಗಿನಿಂದ ಇಳಿಸಿದ ಆ್ಯಪ್‌ಗಳಿಗೆ ಆಂಡ್ರಾಯ್ಡ್ 13ರಿಂದ ಈಚೆಗೆ ನೋಟಿಫಿಕೇಶನ್ ಓದುವ ಅನುಮತಿ ಸುಲಭಕ್ಕೆ ಸಿಗುವುದಿಲ್ಲ, ಆ ಬಟನ್ ಮಸುಕಾಗಿ ಒತ್ತಲಿಕ್ಕೇ ಬಾರದ ಹಾಗೆ ಇರುತ್ತದೆ. ಆ ತಡೆ ನಿಮ್ಮ ಒಳ್ಳೆಯದಕ್ಕೇ ಇರುವುದು.

ಆ್ಯಪ್ ಹಾಕಿದೆ, ಬ್ಲೂಟೂತ್ ಆನ್ ಉಂಟು. ಆದರೂ ವಾಚ್ ಪಟ್ಟಿಯಲ್ಲಿ ಕಾಣುವುದೇ ಇಲ್ಲ.

ಲೊಕೇಶನ್ ಆನ್ ಮಾಡಿ ನೋಡಿ. "ವಾಚ್ ಜೋಡಿಸಲಿಕ್ಕೆ ನಾನಿರುವ ಜಾಗ ಎಂತಕ್ಕೆ?" ಎಂದು ಕೇಳುವವರಿದ್ದಾರೆ, ಕೇಳಬೇಕಾದ ಪ್ರಶ್ನೆಯೇ. ಸುತ್ತಮುತ್ತ ಯಾವ ಬ್ಲೂಟೂತ್ ಸಾಧನಗಳಿವೆ ಎಂಬುದರಿಂದ ನೀವೆಲ್ಲಿದ್ದೀರೆಂದು ಪತ್ತೆ ಹಚ್ಚಬಹುದಾದ್ದರಿಂದ ಆಂಡ್ರಾಯ್ಡ್ 6ರಿಂದ 11ರವರೆಗೆ ಬ್ಲೂಟೂತ್ ಹುಡುಕಾಟವನ್ನು ಲೊಕೇಶನ್ ಅನುಮತಿಗೇ ಕಟ್ಟಿಹಾಕಿದ್ದರು. 2021ರಲ್ಲಿ ಬಂದ ಆಂಡ್ರಾಯ್ಡ್ 12ರಲ್ಲಿ "ಹತ್ತಿರದ ಸಾಧನಗಳು" ಎಂಬ ಬೇರೆ ಅನುಮತಿ ಮಾಡಿದರು. ಆದರೂ ಅನೇಕ ಆ್ಯಪ್‌ಗಳು ಹಳೆಯ ಅಭ್ಯಾಸದಲ್ಲಿ ಎರಡನ್ನೂ ಕೇಳುತ್ತವೆ.

ಆಗಲೂ ಕಾಣದಿದ್ದರೆ ವಾಚ್ ಈಗಾಗಲೇ ಬೇರೆ ಫೋನಿಗೆ ಅಂಟಿಕೊಂಡಿದೆಯೋ ನೋಡಿ. ಒಂದು ಸಲಕ್ಕೆ ಒಂದೇ ಆ್ಯಪ್‌ಗೆ ಅದು ಸಿಗುವುದು. ಮನೆಯಲ್ಲಿ ಮಗ ಮೊದಲು ತನ್ನ ಫೋನಿಗೆ ಜೋಡಿಸಿ ನೋಡಿರುತ್ತಾನೆ, ಆಮೇಲೆ ಅಮ್ಮನಿಗೆ ಕೊಟ್ಟಿರುತ್ತಾನೆ. ಅವನ ಆ್ಯಪಿನಲ್ಲಿ ಅನ್‌ಬೈಂಡ್ ಮಾಡಿಸಿ (ಎಂದರೆ ಜೋಡಣೆ ಬಿಡಿಸಿ), ಅವನು ಊರಲ್ಲಿಲ್ಲದಿದ್ದರೆ ವಾಚನ್ನೇ ರಿಸೆಟ್ ಮಾಡಿ.

ವಾಟ್ಸ್ಆ್ಯಪ್ ಮೆಸೇಜ್ ಬರುತ್ತದೆ, ಆದರೆ ವಾಚಿನಲ್ಲಿ ಮಾತಾಡಲು ಆಗುವುದಿಲ್ಲ. ಕಾಲಿಂಗ್ ಉಂಟೆಂದು ಹೇಳಿ ಮಾರಿದ್ದಾರೆ.

ಕಾಲಿಂಗ್ ಇರುವ ವಾಚಿನಲ್ಲಿ ಬ್ಲೂಟೂತ್ ಸಂಪರ್ಕ ಎರಡು. ಮೆಸೇಜ್, ಹೆಜ್ಜೆ, ನಾಡಿಗೆಲ್ಲ ಕಡಿಮೆ ಬ್ಯಾಟರಿಯ ಒಂದು ಸಂಪರ್ಕ, ಅದು ಆ್ಯಪ್ ಮೂಲಕ ಆಗುತ್ತದೆ. ಸ್ವರಕ್ಕೆ ಇನ್ನೊಂದು, ಇಯರ್‌ಫೋನಿನಂಥದ್ದು. ಅದನ್ನು ಫೋನಿನ ಬ್ಲೂಟೂತ್ ಪಟ್ಟಿಗೆ ಹೋಗಿ ಬೇರೆಯಾಗಿ ಜೋಡಿಸಬೇಕು. ಪಟ್ಟಿಯಲ್ಲಿ ವಾಚಿನ ಹೆಸರೇ ಎರಡು ಸಲ, ಅಥವಾ ಕೊನೆಯಲ್ಲಿ "ಕಾಲ್", "ಆಡಿಯೋ" ಎಂದು ಬಾಲ ಸೇರಿಸಿಕೊಂಡು ಕಾಣುತ್ತದೆ. ಕೆಲವು ವಾಚುಗಳಲ್ಲಿ ಮೊದಲು ವಾಚಿನ ಮೇಲಿನಿಂದ ಕೆಳಕ್ಕೆ ಎಳೆದು ಫೋನಿನ ಚಿತ್ರ ಒತ್ತಿ ಕಾಲಿಂಗ್ ಬ್ಲೂಟೂತ್ ಆನ್ ಮಾಡಬೇಕು, ಆಮೇಲೆಯೇ ಫೋನಿಗೆ ಅದು ಕಾಣುವುದು.

ಈಗ ಉಲ್ಟಾ ಆಯ್ತು. ಫೋನಿನಲ್ಲಿ ಕರೆ ಎತ್ತಿ ಕಿವಿಗಿಟ್ಟರೆ ಸ್ವರವೇ ಇಲ್ಲ.

ಅಂಗಡಿಗೆ ಅತಿ ಹೆಚ್ಚು ಬರುವ ದೂರು ಇದೇ. ಫೋನಿನ ಸ್ಪೀಕರ್ ಹೋಗಿದೆ ಎಂದುಕೊಂಡು ಬರುತ್ತಾರೆ. ನಿಮ್ಮ "ಹಲೋ ಹಲೋ"ಗೆ ಆಚೆಯವರು ಉತ್ತರ ಕೊಡುತ್ತಲೇ ಇರುತ್ತಾರೆ. ಆ ಉತ್ತರ ಬರುವುದು ಅಂಗಿಯ ತೋಳಿನೊಳಗೆ ಮುಚ್ಚಿಹೋದ ವಾಚಿನಿಂದ. ಫೋನ್ ವಾಚನ್ನು ಬ್ಲೂಟೂತ್ ಹೆಡ್‌ಸೆಟ್ ಎಂದು ತಿಳಿದು ಸ್ವರವನ್ನು ಅತ್ತ ಕಳುಹಿಸಿರುತ್ತದೆ.

ಕರೆಯ ನಡುವೆಯಾದರೆ ಪರದೆಯಲ್ಲಿ ಬ್ಲೂಟೂತ್ ಅಥವಾ ಸ್ಪೀಕರಿನ ಗುರುತು ಒತ್ತಿ "ಫೋನ್" ಆರಿಸಿ. ಶಾಶ್ವತ ಪರಿಹಾರಕ್ಕೆ ಫೋನಿನ ಬ್ಲೂಟೂತ್ ಸೆಟ್ಟಿಂಗ್ಸ್‌ನಲ್ಲಿ ವಾಚಿನ ಹೆಸರಿನ ಪಕ್ಕದ ಚಕ್ರ ಒತ್ತಿದರೆ "ಕರೆಗಳು", "ಮೀಡಿಯಾ ಆಡಿಯೋ" ಎಂದು ಎರಡು ಸ್ವಿಚ್ ಇರುತ್ತವೆ. ಮೀಡಿಯಾ ಆಫ್ ಮಾಡಿದರೆ ಯೂಟ್ಯೂಬಿನ ತಾಳಮದ್ದಳೆ ವಾಚಿನಲ್ಲಿ ಕೀರಲು ಸ್ವರದಲ್ಲಿ ಕೇಳುವ ಪೀಡೆ ತಪ್ಪುತ್ತದೆ. ಕರೆಗಳ ಸ್ವಿಚ್ಚನ್ನೂ ಆಫ್ ಮಾಡಬಹುದು. ಯಾರ ಕರೆ ಎಂದು ವಾಚ್ ತೋರಿಸುತ್ತದೆ, ಮಾತಾಡುವುದು ಫೋನಿನಲ್ಲೇ. ನನ್ನನ್ನು ಕೇಳಿದರೆ ಹಾಗೆ ಇಟ್ಟುಕೊಳ್ಳುವುದೇ ಲೇಸು. ಕಾಸರಗೋಡಿನಿಂದ ಮಂಗಳೂರಿಗೆ ಹೋಗುವ ಬಸ್ಸಿನಲ್ಲಿ ಕೈಯನ್ನು ಬಾಯಿ ಹತ್ತಿರ ಹಿಡಿದು ಮನೆಯ ಸಾಲದ ವಿಷಯ ಮಾತಾಡಿದರೆ ತಲಪಾಡಿ ದಾಟುವಷ್ಟರಲ್ಲಿ ಇಡೀ ಬಸ್ಸಿಗೆ ಗೊತ್ತಾಗಿರುತ್ತದೆ.

ಜೋಡಿಸಿದ ದಿನ ಎಲ್ಲ ಸರಿ ಇತ್ತು. ಮರುದಿನದಿಂದ ಮೆಸೇಜ್ ಬರುವುದೇ ನಿಂತಿತು.

ಫೋನ್ ಆ್ಯಪನ್ನು ಮಲಗಿಸಿದೆ. ಬ್ಯಾಟರಿ ಉಳಿಸಲೆಂದು ಹಿನ್ನೆಲೆಯಲ್ಲಿ ನಡೆಯುವ ಆ್ಯಪ್‌ಗಳನ್ನು ನಿಲ್ಲಿಸುವ ಚಾಳಿ ಶಿಯೋಮಿ, ವಿವೋ, ಒಪ್ಪೊ, ರಿಯಲ್‌ಮಿ ಫೋನುಗಳಲ್ಲಿ ತುಸು ಹೆಚ್ಚು. ವಾಚಿನ ಆ್ಯಪ್ ಹಿನ್ನೆಲೆಯಲ್ಲಿ ಎದ್ದಿದ್ದರೆ ಮಾತ್ರ ಮೆಸೇಜ್ ದಾಟಿಸಲು ಸಾಧ್ಯ.

ಸೆಟ್ಟಿಂಗ್ಸ್‌ನಲ್ಲಿ ಆ್ಯಪ್‌ಗಳು, ಅದರೊಳಗೆ ವಾಚಿನ ಆ್ಯಪ್, ಅದರೊಳಗೆ ಬ್ಯಾಟರಿ. ಅಲ್ಲಿ "ಅನ್‌ರಿಸ್ಟ್ರಿಕ್ಟೆಡ್" ಅಥವಾ "ನಿರ್ಬಂಧ ಇಲ್ಲ" ಎಂಬುದನ್ನು ಆರಿಸಿ. "ಆಟೋಸ್ಟಾರ್ಟ್" ಎಂದಿದ್ದರೆ ಆನ್ ಮಾಡಿ. ಇತ್ತೀಚಿನ ಆ್ಯಪ್‌ಗಳ ಪಟ್ಟಿಯಲ್ಲಿ ಎಲ್ಲವನ್ನೂ ಒರೆಸಿ ಹಾಕುವ ಅಭ್ಯಾಸ ಇದ್ದರೆ ಅಲ್ಲಿ ವಾಚಿನ ಆ್ಯಪಿಗೆ ಬೀಗದ ಗುರುತು ಹಾಕಿಡಿ. ನೋಟಿಫಿಕೇಶನ್ ಅನುಮತಿ ಎಂಬುದೂ ಎರಡು ಬಗೆ: ಆ್ಯಪ್ ತನ್ನ ಸ್ವಂತ ನೋಟಿಫಿಕೇಶನ್ ತೋರಿಸುವುದಕ್ಕೆ ಒಂದು, ಬೇರೆ ಆ್ಯಪ್‌ಗಳದ್ದನ್ನು ಓದುವುದಕ್ಕೆ ಇನ್ನೊಂದು. ಬೇಕಾದದ್ದು ಎರಡನೆಯದು.

ಕನ್ನಡದಲ್ಲಿ ಬಂದ ಮೆಸೇಜ್ ವಾಚಿನಲ್ಲಿ ಬರೀ ಚೌಕ ಚೌಕವಾಗಿ ಕಾಣ್ತದೆ. ಮಲಯಾಳದ್ದೂ ಹಾಗೆಯೇ.

ನಮ್ಮ ಕಡೆಯವರ ಫೋನಿನಲ್ಲಿ ಒಂದೇ ದಿನ ಕುಟುಂಬದ ಗುಂಪಿನಲ್ಲಿ ಕನ್ನಡ, ವಾರ್ಡಿನ ಗುಂಪಿನಲ್ಲಿ ಮಲಯಾಳ, ಗೆಳೆಯರದ್ದು ಕನ್ನಡ ಲಿಪಿಯಲ್ಲಿ ತುಳು, ಬ್ಯಾಂಕಿನದ್ದು ಇಂಗ್ಲಿಷ್ ಎಂದು ನಾಲ್ಕು ಬಗೆಯ ಮೆಸೇಜ್ ಬರುತ್ತವೆ. ಹಾಗಾಗಿ ಬೆಂಗಳೂರಿನವರಿಗಿಂತ ನಮಗೆ ಈ ಚೌಕದ ಕಾಟ ಜಾಸ್ತಿ.

ಫೋನ್ ವಾಚಿಗೆ ಕಳುಹಿಸುವುದು ಅಕ್ಷರದ ಚಿತ್ರವನ್ನಲ್ಲ, ಅಕ್ಷರದ ಸಂಖ್ಯೆಯನ್ನು. ಯೂನಿಕೋಡ್ ಎಂಬ ಜಾಗತಿಕ ಪಟ್ಟಿಯಲ್ಲಿ ಕನ್ನಡಕ್ಕೆ 128 ಸ್ಥಾನ, ಅದರ ಬೆನ್ನಿಗೇ ಮಲಯಾಳಕ್ಕೆ 128 ಸ್ಥಾನ ಮೀಸಲಿವೆ. ಸಂಖ್ಯೆ ಬಂದಾಗ ಅದಕ್ಕೆ ಸರಿಯಾದ ಚಿತ್ರವನ್ನು ವಾಚ್ ತನ್ನೊಳಗಿನಿಂದ ತೆಗೆದು ತೋರಿಸಬೇಕು. ಅಗ್ಗದ ವಾಚಿನಲ್ಲಿ ಅಂಥ ಚಿತ್ರ ಇಡಲು ಜಾಗ ಬಹಳ ಕಡಿಮೆ. ಇಂಗ್ಲಿಷ್ ಮತ್ತು ಚೀನೀ ಇರುತ್ತದೆ, ಭಾರತಕ್ಕೆಂದು ಮಾಡಿದ್ದಾದರೆ ಹಿಂದಿಯೂ ಇರಬಹುದು. ಇಲ್ಲದ ಅಕ್ಷರಕ್ಕೆಲ್ಲ ಚೌಕ.

ಕನ್ನಡದ ಚಿತ್ರ ಇರುವ ವಾಚಿನಲ್ಲೂ ಇನ್ನೊಂದು ತಾಪತ್ರಯ ಉಂಟು, ಒತ್ತಕ್ಷರ. "ಲಕ್ಷ್ಮಿ" ಎಂದು ಬರೆದರೆ ಹೋಗುವುದು ಏಳು ಸಂಖ್ಯೆ: ಲ, ಕ, ಅರ್ಧಾಕ್ಷರದ ಗುರುತು, ಷ, ಮತ್ತೆ ಅರ್ಧಾಕ್ಷರದ ಗುರುತು, ಮ, ಇಕಾರದ ಗುಡಿಸು. ಇವನ್ನು ಕೂಡಿಸಿ ಕೆಳಗೆ ಒತ್ತು ಕೊಟ್ಟು ಬರೆಯಲು ಬೇರೆಯೇ ಒಂದು ತಂತ್ರಾಂಶ ಬೇಕು. ಫೋನಿನಲ್ಲಿ ಅದು ಇದೆ. ವಾಚಿನಲ್ಲಿ ಇಲ್ಲದಿದ್ದರೆ "ಲಕ್‌ಷ್‌ಮಿ" ಎಂದು ಮುರಿದು ಕಾಣುತ್ತದೆ. ಓದಲಿಕ್ಕಾಗುತ್ತದೆ, ಕಣ್ಣಿಗೆ ಹಿತವಲ್ಲ.

ಕೊಂಡಾದ ಮೇಲೆ ಮಾಡಬಹುದಾದದ್ದು ಕಡಿಮೆ. ಆ್ಯಪಿನಲ್ಲಿ ವಾಚಿನ ಸಾಫ್ಟ್‌ವೇರ್ ಅಪ್‌ಡೇಟ್ ಬಂದಿದ್ದರೆ ಹಾಕಿ ನೋಡಿ. ಕೊಳ್ಳುವ ಮೊದಲಾದರೆ ಅಂಗಡಿಯಲ್ಲಿ ತೋರಿಸಲೆಂದು ಇಟ್ಟ ವಾಚಿಗೆ "ಲಕ್ಷ್ಮಿ ಅಕ್ಕ, ಅಡಕೆ ಮಾರಿ ಆಯ್ತಾ?" ಎಂದೊಂದು ಮೆಸೇಜ್ ಕಳುಹಿಸಿ ನೋಡಿ. ಪೆಟ್ಟಿಗೆಯ ಮೇಲೆ ಭಾರತೀಯ ಭಾಷೆಗಳ ಬಗ್ಗೆ ಬರೆದದ್ದನ್ನು ನಂಬಿ ಹಣ ಕೊಡಬೇಡಿ, ಅದು ಮೆನುವಿನ ಭಾಷೆ ಇರಬಹುದು. ಮೆನು ಕನ್ನಡದಲ್ಲಿದ್ದು ಮೆಸೇಜ್ ಚೌಕವಾಗುವುದೂ ಇದೆ.

ಹೆಸರುಗಳಿಗೆ ಮಾತ್ರ ಸುಲಭದ ದಾರಿ ಇದೆ. ಫೋನಿನಲ್ಲಿ "ಅಮ್ಮ", "ದೊಡ್ಡಪ್ಪ", "ಹಾಲಿನ ಸೊಸೈಟಿ" ಎಂದು ಕನ್ನಡದಲ್ಲಿ ಉಳಿಸಿದ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಉಳಿಸಿ. ಮನಸ್ಸಿಗೆ ಒಗ್ಗುವುದಿಲ್ಲ, ನಿಜ. ಆದರೆ ಕರೆ ಬಂದಾಗ ನಾಲ್ಕು ಚೌಕ ನೋಡುವುದಕ್ಕಿಂತ ಯಾರೆಂದು ಗೊತ್ತಾಗುವುದು ಮುಖ್ಯ.

ವಾಚಿನಿಂದಲೇ ವಾಟ್ಸ್ಆ್ಯಪ್‌ಗೆ ಉತ್ತರ ಕೊಡಬಹುದಾ?

ಆಗದು ಎಂದೇ ತಿಳಿದುಕೊಳ್ಳಿ. ಇವು ವಾಟ್ಸ್ಆ್ಯಪ್ ಹಾಕಲು ಬರುವ ವಾಚುಗಳಲ್ಲ. ಕೆಲವು ಮಾದರಿಗಳಲ್ಲಿ ಆಂಡ್ರಾಯ್ಡ್ ಫೋನಿನ ಜೊತೆಗೆ ಮೊದಲೇ ಬರೆದಿಟ್ಟ "ಸರಿ", "ಮತ್ತೆ ಕರೆ ಮಾಡುತ್ತೇನೆ" ಎಂಬಂಥ ವಾಕ್ಯ ಕಳುಹಿಸಬಹುದು.

ಬ್ಯಾಂಕಿನ ಒಟಿಪಿ ವಾಚಿನಲ್ಲೂ ಬರುತ್ತದೆ. ಒಳ್ಳೆಯದೇ ಅಲ್ಲವಾ?

ಅಲ್ಲ. ಬೇರೆ ಆ್ಯಪ್‌ಗಳ ನೋಟಿಫಿಕೇಶನ್ ಓದುವ ಅನುಮತಿ ಕೊಟ್ಟರೆ, ಪರದೆಯಲ್ಲಿ ಬರುವ ಒಟಿಪಿಯನ್ನೂ ಅನೇಕ ಫೋನುಗಳಲ್ಲಿ ಆ ಆ್ಯಪ್ ಓದಬಲ್ಲದು. ವಾಚಿನ ಆ್ಯಪಿನೊಳಗೆ ಒಂದು ಪಟ್ಟಿ ಇರುತ್ತದೆ, ಯಾವುದನ್ನು ದಾಟಿಸಬೇಕು ಎಂದು. ಕರೆ ಮತ್ತು ವಾಟ್ಸ್ಆ್ಯಪ್ ಮಾತ್ರ ಇಟ್ಟು ಎಸ್‌ಎಂಎಸ್, ಬ್ಯಾಂಕ್, ಯುಪಿಐ ಆ್ಯಪ್‌ಗಳನ್ನೆಲ್ಲ ಆಫ್ ಮಾಡಿ. ಆದರೆ ಇದು ವಾಚಿನಲ್ಲಿ ತೋರಿಸುವುದನ್ನು ಮಾತ್ರ ತಡೆಯುತ್ತದೆ, ಆ್ಯಪ್ ಓದುವುದನ್ನಲ್ಲ. ಆದ್ದರಿಂದ ಯಾರದ್ದೆಂದೇ ಗೊತ್ತಿಲ್ಲದ ಆ್ಯಪ್ ಬೇಡುವ ವಾಚನ್ನು ಬ್ಯಾಂಕ್ ವ್ಯವಹಾರ ನಡೆಯುವ ಫೋನಿಗೆ ಜೋಡಿಸದೇ ಇರುವುದು ಕ್ಷೇಮ. ಕೇಳಿದ ಅನುಮತಿಯನ್ನೆಲ್ಲ ಕೊಡಬೇಕೆಂದೂ ಇಲ್ಲ. ಕಾಂಟ್ಯಾಕ್ಟ್ ಕೊಡದಿದ್ದರೆ ಕರೆ ಬಂದಾಗ ಹೆಸರು ಕಾಣದು, ಅದನ್ನು ಕೊಡಬಹುದು. ಫೋಟೋ, ಮೈಕ್ ಎಲ್ಲ ಬೇಕೆಂದರೆ ಎಂತಕ್ಕೆಂದು ಯೋಚಿಸಿ.

ದುಬೈಯಿಂದ ತಂದ ವಾಚ್ ಒಂದೂವರೆ ಗಂಟೆ ಹಿಂದೆ ಓಡ್ತಾ ಉಂಟು.

ಅದು ಇನ್ನೂ ದುಬೈಯಲ್ಲೇ ಇದೆ. ಯುಎಇ ನಮಗಿಂತ ಒಂದೂವರೆ ಗಂಟೆ ಹಿಂದೆ, ಸೌದಿ, ಕತಾರ್, ಕುವೈತ್ ಎರಡೂವರೆ ಗಂಟೆ ಹಿಂದೆ. ಇಂಥ ಅನೇಕ ವಾಚುಗಳಲ್ಲಿ ಮುಳ್ಳು ತಿರುಗಿಸಿ ಸರಿ ಮಾಡುವ ವ್ಯವಸ್ಥೆಯೇ ಇಲ್ಲ, ಸಮಯವನ್ನು ಫೋನಿನಿಂದ ತೆಗೆದುಕೊಳ್ಳುತ್ತದೆ. ಇಲ್ಲಿನ ಫೋನಿಗೆ ಜೋಡಿಸಿ ಒಮ್ಮೆ ಸಿಂಕ್ ಮಾಡಿದರೆ ಸರಿಯಾಗುತ್ತದೆ. ತಂದವರ ಫೋನಿನ ಸಮಯವೇ ಹಳೆಯದಾಗಿದ್ದರೆ ಮೊದಲು ಅದರಲ್ಲಿ "ಸ್ವಯಂಚಾಲಿತ ಸಮಯ ವಲಯ" ಆನ್ ಮಾಡಿಸಿ.

ಹವಾಮಾನವೂ ಹೀಗೆಯೇ ಫೋನಿನ ಲೊಕೇಶನ್ ನೋಡಿ ಬರುವುದು. ಮಂಜೇಶ್ವರದಲ್ಲಿ ಕೂತವರಿಗೆ ಮಂಗಳೂರು ಎಂದು ತೋರಿಸಿದರೆ ಗಡಿಯ ಜಗಳ ತೆಗೆಯಬೇಡಿ, ಮಳೆ ಎರಡೂ ಕಡೆ ಒಂದೇ.

ವಾಚಿನಲ್ಲಿ ಬಿಪಿ ತೋರಿಸುತ್ತದೆ. ನಂಬಬಹುದಾ?

ಬೇಡ. ಬಿಪಿ ಅಳೆಯುವ ಯಂತ್ರ ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ, ರಕ್ತನಾಳವನ್ನು ಒತ್ತಿ, ಆ ಒತ್ತಡ ಸಡಿಲವಾಗುವಾಗ ಅಳೆಯುತ್ತದೆ. ಒತ್ತುವಂಥದ್ದು ಈ ವಾಚಿನಲ್ಲಿ ಯಾವುದೂ ಇಲ್ಲ, ಇರುವುದು ಒಂದೆರಡು ದೀಪ ಮತ್ತು ಬೆಳಕು ಗ್ರಹಿಸುವ ಒಂದು ಚೂರು. ನಾಡಿಯ ಬಡಿತ ನೋಡಿ, ನೀವು ಆ್ಯಪಿನಲ್ಲಿ ಕೊಟ್ಟ ವಯಸ್ಸು, ತೂಕ ಸೇರಿಸಿ, ಒಂದು ಅಂದಾಜು ಸಂಖ್ಯೆ ಬರೆಯುತ್ತದೆ. ಹಾಗಾಗಿ ಅದು ಬಹುತೇಕ ಎಲ್ಲರಿಗೂ 120/80ರ ಸುತ್ತಮುತ್ತಲೇ ಸುಳಿದಾಡುತ್ತದೆ. ಸಂಶಯ ಇದ್ದರೆ ಬೈರಾಸನ್ನು (ಟವೆಲ್) ಸುರುಳಿ ಸುತ್ತಿ ಅದಕ್ಕೆ ವಾಚ್ ಕಟ್ಟಿ ಅಳತೆಗೆ ಇಡಿ. ಎಷ್ಟೋ ವಾಚುಗಳು ಬೈರಾಸಿಗೂ ನಾಡಿ, ಬಿಪಿ ಎರಡನ್ನೂ ತೋರಿಸುತ್ತವೆ.

ನನಗೆ ಸಿಟ್ಟು ಬರುವುದು ಇದೊಂದು ವಿಷಯಕ್ಕೆ. ಹೆಜ್ಜೆ ತಪ್ಪಾದರೆ ಯಾರಿಗೂ ನಷ್ಟವಿಲ್ಲ. ವಾಚಿನಲ್ಲಿ ನಾರ್ಮಲ್ ಬಂತೆಂದು ಬಿಪಿಯ ಮಾತ್ರೆ ಬಿಡುವವರಿದ್ದಾರೆ, ಅದು ಅಪಾಯ. ಅಳೆಯಬೇಕಿದ್ದರೆ ಹತ್ತಿರದ ಕುಟುಂಬ ಆರೋಗ್ಯ ಕೇಂದ್ರಕ್ಕೆ ಹೋಗಿ, ಇಲ್ಲವೇ ತೋಳಿಗೆ ಕಟ್ಟುವ ಯಂತ್ರವನ್ನೇ ಮನೆಗೆ ತನ್ನಿ. ಅಳೆಯುವ ಮೊದಲು ಐದು ನಿಮಿಷ ಬೆನ್ನಿಗೆ ಆಧಾರ ಕೊಟ್ಟು ಸುಮ್ಮನೆ ಕೂರಬೇಕು, ತೋಳು ಎದೆಯ ಮಟ್ಟದಲ್ಲಿರಬೇಕು. ಅರ್ಧ ಗಂಟೆ ಮೊದಲಿನಿಂದ ಕಾಫಿ, ಬೀಡಿ, ಹೊಗೆಸೊಪ್ಪು ಹಾಕಿದ ಎಲೆಯಡಕೆ ಬೇಡ.

ಶುಗರ್?

ಚರ್ಮ ಚುಚ್ಚದೆ ಸಕ್ಕರೆ ಅಳೆಯುತ್ತೇನೆ ಎನ್ನುವ ವಾಚು, ಉಂಗುರಗಳನ್ನು ಬಳಸಬೇಡಿ, ಅಂಥ ಯಾವುದಕ್ಕೂ ತಾನು ಒಪ್ಪಿಗೆ ಕೊಟ್ಟಿಲ್ಲ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರವರಿಯಲ್ಲಿ ಎಚ್ಚರಿಸಿದೆ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಆ ಸಂಖ್ಯೆ ಪ್ರಾಣಕ್ಕೇ ಸಂಚಕಾರ.

ಹಾಗಾದರೆ ನಾಡಿಬಡಿತ, ಆಕ್ಸಿಜನ್ ಇವೂ ಸುಳ್ಳಾ?

ನಾಡಿ ಪೂರ್ತಿ ಸುಳ್ಳಲ್ಲ. ಅಡಿಯಲ್ಲಿ ಮಿನುಗುವ ಹಸಿರು ಬೆಳಕನ್ನು ರಕ್ತ ಹೀರಿಕೊಳ್ಳುತ್ತದೆ. ಪ್ರತಿ ಬಡಿತಕ್ಕೂ ರಕ್ತ ಹೆಚ್ಚು ಕಡಿಮೆಯಾದಂತೆ ವಾಪಸು ಬರುವ ಬೆಳಕೂ ಹೆಚ್ಚು ಕಡಿಮೆಯಾಗುತ್ತದೆ, ಅದನ್ನು ವಾಚ್ ಎಣಿಸುತ್ತದೆ. ಸುಮ್ಮನೆ ಕೂತಿದ್ದಾಗ ಸಾಮಾನ್ಯವಾಗಿ ಸರಿಸುಮಾರು ಬರುತ್ತದೆ. ಕತ್ತಿ ಹಿಡಿದು ಸೊಪ್ಪು ಕಡಿಯುವಾಗ, ಬೈಕ್ ಓಡಿಸುವಾಗ ಲೆಕ್ಕ ತಪ್ಪುತ್ತದೆ. ಮಣಿಕಟ್ಟಿನ ಎಲುಬಿಗಿಂತ ಒಂದು ಬೆರಳು ಮೇಲೆ, ಅಲುಗಾಡದ ಹಾಗೆ ಕಟ್ಟಿ. ಪರೀಕ್ಷೆಗೆ ಹೆಬ್ಬೆರಳಿನ ಬುಡದ ಕೆಳಗೆ ಎರಡು ಬೆರಳಿಟ್ಟು ಮೂವತ್ತು ಸೆಕೆಂಡ್ ಎಣಿಸಿ ಎರಡರಿಂದ ಗುಣಿಸಿ ನೋಡಿ. ದೊಡ್ಡವರಿಗೆ ವಿಶ್ರಾಂತಿಯಲ್ಲಿ ನಿಮಿಷಕ್ಕೆ 60ರಿಂದ 100 ಸಾಮಾನ್ಯ.

ಆಕ್ಸಿಜನ್ ಅಳೆಯಲು ಕೆಂಪು ಮತ್ತು ಅತಿಗೆಂಪು ಎಂಬ ಎರಡು ಬೆಳಕು ಬೇಕು. ಅತಿಗೆಂಪು ಕಣ್ಣಿಗೆ ಕಾಣದು, ಕೆಂಪು ಕಾಣುತ್ತದೆ. ಅಳತೆಗೆ ಇಟ್ಟಾಗ ವಾಚಿನ ಅಡಿಯಲ್ಲಿ ಬರೀ ಹಸಿರು ಮಿನುಗಿದರೆ ಆ 98 ಎಂಬುದು ಬಾಯಿಗೆ ಬಂದ ಲೆಕ್ಕ.

ಹೆಜ್ಜೆಯ ಲೆಕ್ಕ ಒಂದೊಂದು ದಿನ ಒಂದೊಂದು ತರಹ.

ವಾಚಿಗೆ ಗೊತ್ತಾಗುವುದು ಕಾಲು ಅಲ್ಲ, ಕೈ. ಕೈ ಬೀಸುವ ತಾಳ ಹೆಜ್ಜೆಯ ಹಾಗೆ ಕಂಡರೆ ಒಂದು ಸೇರಿಸುತ್ತದೆ. ಆದ್ದರಿಂದ ತಲೆಯ ಮೇಲೆ ಹುಲ್ಲಿನ ಹೊರೆ ಹಿಡಿದುಕೊಂಡು ಗುಡ್ಡೆ ಇಳಿದವರ ಹೆಜ್ಜೆ ಎಷ್ಟೋ ಬಿಟ್ಟುಹೋಗುತ್ತದೆ, ಕೂತಲ್ಲೇ ತೆಂಗಿನಕಾಯಿ ತುರಿದವರು ನಡೆದವರಾಗುತ್ತಾರೆ. ಕುಂಬಳೆ ಯಕ್ಷಗಾನ ಕವಿ ಪಾರ್ತಿಸುಬ್ಬನ ಸೀಮೆ, ಚೆಂಡೆ ಬಾರಿಸುವವರಿಗೆ ಇಲ್ಲಿ ಬರ ಇಲ್ಲ. ಅವರಲ್ಲಿ ಯಾರಾದರೂ ವಾಚ್ ಕಟ್ಟಿಕೊಂಡು ಒಂದು ಪ್ರಸಂಗ ಮುಗಿಸಿದರೆ ಬೆಳಿಗ್ಗೆ ಆ್ಯಪ್ ಪ್ರಶಸ್ತಿ ಕೊಟ್ಟರೂ ಆಶ್ಚರ್ಯವಿಲ್ಲ. ದಿನಕ್ಕೆ ಹತ್ತು ಸಾವಿರ ಎಂಬ ಗುರಿಯೂ ವೈದ್ಯರು ಬರೆದುಕೊಟ್ಟದ್ದಲ್ಲ, 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಉಪಕರಣವೊಂದರ ಹೆಸರಿನಿಂದ ಬಂದದ್ದು. ನಿನ್ನೆಗಿಂತ ಇಂದು ಹೆಚ್ಚೋ ಕಡಿಮೆಯೋ ಎಂದು ನೋಡಲು ಈ ಲೆಕ್ಕ ಸಾಕು.

ನಿದ್ರೆ?

ಕೈ ಅಲುಗದಿದ್ದರೆ, ನಾಡಿ ಇಳಿದಿದ್ದರೆ ನಿದ್ರೆ ಎಂದು ಬರೆಯುತ್ತದೆ. ಯಕ್ಷಗಾನದ ಆಟ ನೋಡಲು ಹೋಗಿ ಕುರ್ಚಿಯಲ್ಲಿ ಅಲ್ಲಾಡದೆ ಕೂತವರಿಗೂ ಅದೇ ಗತಿ. ಗಾಢ ನಿದ್ರೆ, ಲಘು ನಿದ್ರೆ ಎಂಬ ಬಣ್ಣದ ಪಟ್ಟಿಗಳಿಗೆ ಹೆಚ್ಚು ಬೆಲೆ ಕೊಡಬೇಡಿ.

ಮಳೆಗಾಲದಲ್ಲಿ ಕಟ್ಟಿಕೊಳ್ಳಬಹುದಾ? ಮೀಯುವಾಗ?

ಪೆಟ್ಟಿಗೆಯ ಮೇಲೆ ಐಪಿ67 ಎಂದಿದ್ದರೆ ಒಂದು ಮೀಟರ್ ಆಳದ ಸಿಹಿನೀರಿನಲ್ಲಿ ಅರ್ಧ ಗಂಟೆ ಎಂದು ಅರ್ಥ. ಐಪಿ68 ಎಂದರೆ ಅದಕ್ಕಿಂತ ಹೆಚ್ಚು, ಎಷ್ಟೆಂದು ತಯಾರಕರು ಹೇಳಬೇಕು. ಈ ಪರೀಕ್ಷೆ ಹೊಸ ವಾಚಿಗೆ, ತಣ್ಣೀರಿನಲ್ಲಿ ಮಾಡುವುದು. ಅದರಲ್ಲಿ ಸಾಬೂನು ಇಲ್ಲ, ಹಂಡೆಯ ಬಿಸಿನೀರು ಇಲ್ಲ, ಬೇಕಲದ ಉಪ್ಪುನೀರು ಇಲ್ಲ. ಬಿಸಿನೀರಿಗೆ ಅಂಟು ಸಡಿಲವಾಗುತ್ತದೆ, ಆಮೇಲೆ ಒಳಗೆ ಆವಿ ಹೊಕ್ಕು ಗಾಜಿನಡಿಯಲ್ಲಿ ಮಂಜು ಕಟ್ಟುತ್ತದೆ.

ಮಳೆಯಲ್ಲಿ ನಡೆದರೆ ಏನೂ ಆಗದು. ಆದರೆ ಹನಿ ಬಿದ್ದ ಪರದೆ ಅದನ್ನು ಬೆರಳೆಂದು ತಿಳಿದು ತಾನೇ ಮೆನು ತೆರೆದು ಯಾರಿಗೋ ಕರೆ ಮಾಡಬಹುದು. ಆಷಾಢದ ಮಳೆಗೆ ಹೊರಡುವಾಗ ಪರದೆಗೆ ಲಾಕ್ ಇದ್ದರೆ ಹಾಕಿಕೊಳ್ಳಿ.

ತೋಟಕ್ಕೆ ಮದ್ದು ಬಿಡುವಾಗ?

ತೆಗೆದಿಡಿ. ಅಡಕೆಯ ಕೊಳೆರೋಗಕ್ಕೆ ಬಿಡುವ ಬೋರ್ಡೋ ದ್ರಾವಣವೆಂದರೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ವಾಚಿನ ಬೆನ್ನಿನಲ್ಲಿ ಚಾರ್ಜಿಗೆಂದು ಇರುವ ಎರಡು ಸಣ್ಣ ಲೋಹದ ಚುಕ್ಕಿಗಳಿಗೆ ಮೈಲುತುತ್ತು ತಾಗಿದರೆ ಮೇಲಿನ ಲೇಪ ತಿಂದುಹಾಕುತ್ತದೆ. ಮೊದಲು ಕಪ್ಪು, ಆಮೇಲೆ ಹಸಿರು, ಆಮೇಲೆ ಚಾರ್ಜೇ ಇಲ್ಲ. ಮದ್ದು ಹಾರಿ ಬಿದ್ದಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಿದ ಮೇಲೆಯೇ ಚಾರ್ಜಿಗಿಡಿ. ಬೆವರಿಗೂ ಇದೇ ಮಾತು, ಒದ್ದೆ ಇರುವಾಗ ಕರೆಂಟ್ ಕೊಟ್ಟರೆ ಚುಕ್ಕಿಗಳು ಬೇಗ ಸವೆಯುತ್ತವೆ.

ಚಾರ್ಜ್ ಆಗುವುದಿಲ್ಲ. ಫೋನಿನ ಫಾಸ್ಟ್ ಚಾರ್ಜರ್ ಹಾಕಬಹುದಾ?

5 ವೋಲ್ಟ್, 1 ಆಂಪಿಯರಿನ ಹಳೆಯ ಚಾರ್ಜರ್ ಸಾಕು. ಕಂಪ್ಯೂಟರಿನ ಯುಎಸ್‌ಬಿಯೂ ಆಗುತ್ತದೆ. ಪವರ್ ಬ್ಯಾಂಕಿಗೆ ಹಾಕಿದರೆ ಸ್ವಲ್ಪ ಹೊತ್ತಿನಲ್ಲಿ ತಾನೇ ಆಫ್ ಆಗುವುದುಂಟು, ವಾಚ್ ಎಳೆಯುವ ಕರೆಂಟ್ ಅಷ್ಟು ಕಡಿಮೆಯಾದ್ದರಿಂದ ಏನೂ ಜೋಡಿಸಿಲ್ಲ ಎಂದು ಅದು ತಿಳಿಯುತ್ತದೆ. ಚಾರ್ಜ್ ಆಗದಿದ್ದರೆ ಮೊದಲು ಚುಕ್ಕಿಗಳನ್ನು ಒಣ ಹಲ್ಲುಜ್ಜುವ ಬ್ರಶ್ಶಿನಲ್ಲಿ ಉಜ್ಜಿ, ಆಮೇಲೆ ಕೇಬಲ್ ಬದಲಿಸಿ ನೋಡಿ. ಕೇಬಲ್ ಕೊಳ್ಳುವಾಗ ವಾಚನ್ನೇ ಅಂಗಡಿಗೆ ತನ್ನಿ, ಎರಡು ಪಿನ್ನಿನದ್ದರಲ್ಲೂ ಪಿನ್ನುಗಳ ನಡುವಿನ ಅಂತರ ಬೇರೆ ಬೇರೆ.

ಅಯಸ್ಕಾಂತದ ತುದಿಯನ್ನು ಪ್ಲಗ್ಗಿನಲ್ಲೇ ಬಿಟ್ಟು ಮೇಜಿನ ಮೇಲೆ ಹಾಕಬೇಡಿ. ಬೀಗದ ಕೈಯೋ ಪಿನ್ನೋ ಹೋಗಿ ಅಂಟಿಕೊಂಡು ಶಾರ್ಟ್ ಆಗುತ್ತದೆ. ತುಲಾ ತಿಂಗಳ ಸಂಜೆಯ ಸಿಡಿಲಿಗೆ ಚಾರ್ಜರ್ ಪ್ಲಗ್ಗಿನಲ್ಲಿರುವುದೇ ಬೇಡ, ಟಿವಿಗೆ ಮಾಡುವಂತೆ ಇದನ್ನೂ ಕಿತ್ತಿಡಿ.

ಏಳು ದಿನ ಬ್ಯಾಟರಿ ಎಂದಿದ್ದರು, ಎರಡೇ ದಿನ ಬರ್ತದೆ.

ಕಾಲಿಂಗ್ ಬ್ಲೂಟೂತ್ ಸದಾ ಆನ್, ಇಡೀ ದಿನದ ನಾಡಿ ಎಣಿಕೆ, ಕೈ ಎತ್ತಿದರೆ ಬೆಳಗುವ ಪರದೆ, ಪೂರ್ಣ ಬೆಳಕು. ಈ ನಾಲ್ಕರಲ್ಲಿ ಬೇಡದ್ದನ್ನು ತೆಗೆಯಿರಿ.

ಐಫೋನಿಗೆ ಆಗ್ತದಾ?

ಆಗುತ್ತದೆ. ಮೆಸೇಜ್ ಬರದಿದ್ದರೆ ಐಫೋನಿನ ಬ್ಲೂಟೂತ್ ಪಟ್ಟಿಯಲ್ಲಿ ವಾಚಿನ ಹೆಸರಿನ ಪಕ್ಕದ ಗುರುತು ಒತ್ತಿ, ಸಿಸ್ಟಂ ನೋಟಿಫಿಕೇಶನ್ ಹಂಚಿಕೊಳ್ಳುವ ಸ್ವಿಚ್ ಆನ್ ಮಾಡಿ. ಬೇರೆ ಫೋನಿಗೆ ವಾಚ್ ಕೊಡುವ ಮೊದಲು ಆ್ಯಪಿನಲ್ಲಿ ಅನ್‌ಬೈಂಡ್ ಮಾಡಿದ್ದಲ್ಲದೆ ಅದೇ ಪಟ್ಟಿಯಲ್ಲಿ ಮರೆತುಬಿಡು ಎಂದೂ ಹೇಳಬೇಕು.

ವಾಚಿನಿಂದ ಗೂಗಲ್ ಪೇ ಮಾಡಬಹುದಾ?

ಹಣ ಕೊಡಲು ಆಗದು. ಪಡೆಯುವವರಿಗೆ ಮಾತ್ರ ಒಂದು ಉಪಾಯ ಉಂಟು: ಕೆಲವು ಆ್ಯಪ್‌ಗಳಲ್ಲಿ ನಿಮ್ಮ ಯುಪಿಐ ಕ್ಯೂಆರ್ ಕೋಡನ್ನು ವಾಚಿಗೆ ಸೇರಿಸಬಹುದು. ಆಟೋದವರು ಕೈ ಮುಂದೆ ಚಾಚಿದರೆ ಸಾಕು. ಉರುಟು ಪರದೆಯಲ್ಲಿ ಕೋಡ್ ಸಣ್ಣದಾಗಿ ಸ್ಕ್ಯಾನ್ ಆಗಲು ಸತಾಯಿಸುತ್ತದೆ, ಚೌಕದ್ದು ವಾಸಿ.

ಮನೆಯಲ್ಲಿ ಅಜ್ಜ ಒಬ್ಬರೇ ಇರುತ್ತಾರೆ. ಬಿದ್ದರೆ ನಮಗೆ ಫೋನ್ ಬರುವ ಹಾಗೆ ಮಾಡಬಹುದಾ?

ಈ ದರದ ವಾಚಿನಲ್ಲಿ ಅದನ್ನು ನಂಬಿ ಕೂರಬೇಡಿ. ಬಿದ್ದದ್ದನ್ನು ತಾನೇ ಗುರುತಿಸುವುದು ದುಬಾರಿ ವಾಚುಗಳ ಕೆಲಸ. ಇಲ್ಲಿ ಎಸ್‌ಒಎಸ್ ಎಂದಿರುವುದು ಫೋನಿನ ಮೂಲಕ ಒಂದು ನಂಬರಿಗೆ ಕರೆ ಮಾಡುವುದು. ಅಜ್ಜ ತೋಟದ ಕೆರೆಯ ಬದಿಯಲ್ಲಿ, ಫೋನ್ ಜಗಲಿಯಲ್ಲಿ ಎಂದಾದರೆ ಅದೂ ಇಲ್ಲ. ಅವರಿಗೆ ಉಪಕಾರ ಆಗುವುದು ಬೇರೆ ಎರಡು ವಿಷಯಕ್ಕೆ. ಮಾತ್ರೆಯ ಹೊತ್ತಿಗೆ ಕೈಯಲ್ಲಿ ನಡುಗುವ ಅಲಾರಂ ಒಂದು, ಕಿವಿ ಮಂದ ಇದ್ದರೂ ಗೊತ್ತಾಗುತ್ತದೆ. ಫೋನ್ ಎಲ್ಲಿಟ್ಟೆ ಎಂದು ಮರೆತಾಗ ವಾಚ್ ಒತ್ತಿ ಫೋನನ್ನು ಕೂಗಿಸುವುದು ಇನ್ನೊಂದು.

ನಡುಗುವ ಅಲಾರಂ ರಂಜಾನಿನಲ್ಲಿ ಸಹರಿಗೆ ಏಳುವವರಿಗೂ ಒಳ್ಳೆಯದು, ಮಗುವಿಗೆ ಎಚ್ಚರವಾಗದು. ತೋಟದವರು ಪಂಪಿನ ಸ್ವಿಚ್ ಹಾಕಿದಾಗ ನಲವತ್ತು ನಿಮಿಷದ ಟೈಮರ್ ಒತ್ತಿಕೊಂಡರೆ ಮದಕ ಬರಿದಾಗುವವರೆಗೆ ಮೋಟಾರ್ ಓಡುವುದು ತಪ್ಪುತ್ತದೆ. ಒಂದೂವರೆ ಸಾವಿರಕ್ಕೆ ಇಷ್ಟು ಸಿಕ್ಕಿದರೆ ನನ್ನ ಲೆಕ್ಕದಲ್ಲಿ ವ್ಯಾಪಾರ ಮೋಸವಲ್ಲ.

ಕೊಳ್ಳುವಾಗ ಏನು ನೋಡಬೇಕು?

ಬಿಸಿಲಿನಲ್ಲಿ ಹಿಡಿದು ಅಂಕಿ ಕಾಣುತ್ತದೋ ನೋಡಿ. ಬೆಲ್ಟ್ 20 ಅಥವಾ 22 ಮಿಲಿಮೀಟರಿನದ್ದಾದರೆ ಎಲ್ಲಿಯೂ ಬದಲಿ ಸಿಗುತ್ತದೆ. ಸ್ಮಾರ್ಟ್‌ವಾಚಿಗೆ ಭಾರತದಲ್ಲಿ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿ ಕಡ್ಡಾಯ. ಪೆಟ್ಟಿಗೆಯಲ್ಲಿ ಆ ಗುರುತು, ಪಕ್ಕದಲ್ಲಿ "ಆರ್" ಅಕ್ಷರದಿಂದ ಶುರುವಾಗುವ ಎಂಟು ಅಂಕಿಯ ಸಂಖ್ಯೆ ಇರಬೇಕು. ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ನಿಜವೋ ಸುಳ್ಳೋ ತಿಳಿಯುತ್ತದೆ. ಹೆಸರಿನಲ್ಲಿ "ಅಲ್ಟ್ರಾ" ಇದ್ದು, ನೋಡಲು ಆ್ಯಪಲ್ ವಾಚಿನ ಪಡಿಯಚ್ಚಾಗಿದ್ದು, ಜೊತೆಗೆ ಏಳು ಬೆಲ್ಟ್ ಉಚಿತ ಎಂದರೆ ಮುಂದಕ್ಕೆ ನಡೆಯಿರಿ. ಬಿಲ್ ಕೇಳಿ ತೆಗೆದುಕೊಳ್ಳಿ. ವಾರಂಟಿ ಇದ್ದೂ ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಕೆಟ್ಟುಹೋದ ವಾಚನ್ನು ಏನು ಮಾಡುವುದು?

ಇನ್ನೊಬ್ಬರಿಗೆ ಕೊಡುವುದಾದರೆ ರಿಸೆಟ್ ಮಾಡಿ ಕೊಡಿ. ಪೂರ್ತಿ ಸತ್ತಿದ್ದರೆ ಬಚ್ಚಲ ಒಲೆಗೆ ಹಾಕಬೇಡಿ, ಒಳಗಿನ ಲಿಥಿಯಂ ಬ್ಯಾಟರಿ ಸಿಡಿಯುತ್ತದೆ. ಬ್ಯಾಟರಿ ಉಬ್ಬಿ ಗಾಜು ಮೇಲೆದ್ದಿದ್ದರೆ ಒತ್ತಿ ಕೂರಿಸಲು ಹೋಗದೆ, ಚಾರ್ಜಿಗೂ ಇಡದೆ ಮನೆಯ ಹೊರಗೆ ತೆಗೆದಿಡಿ. ಪ್ಲಾಸ್ಟಿಕ್ ಒಯ್ಯಲು ಬರುವ ಹರಿತ ಕರ್ಮ ಸೇನೆಯ ಅಕ್ಕಂದಿರ ಹತ್ತಿರ ಇ-ತ್ಯಾಜ್ಯ ಯಾವಾಗ ತೆಗೆದುಕೊಳ್ಳುತ್ತೀರಿ ಎಂದು ಕೇಳಿ ಆಗ ಕೊಡಿ.